ನೀಲಿ ಇಲ್ಲದ ಅಚ್ಚು

"ಹಲೋ... ಯಾರು? ಯಾರು ಮಾತಾಡ್ತಿರೋದು?... ಸ್ವಲ್ಪ ಜೋರಾಗಿ ಹೇಳಿ... ಆಸ್ಪತ್ರೆಯಿಂದಾನಾ?... ಹಾಂ, ಶಿಲ್ಪಶಾಲೆನೇ ಇದು. ನಾನು ಅವನ ಅಕ್ಕ... ಯಾಕೆ, ಏನಾಯ್ತು? ಬದುಕಿದ್ದಾನೆ ತಾನೆ?"

ಬದುಕಿದ್ದಾನೆ ತಾನೆ ಎಂದು ಅಕ್ಕ ಕೇಳಿದ್ದು ಗಾಬರಿಯಿಂದಲೋ ಸಿಟ್ಟಿನಿಂದಲೋ, ಆ ಕಡೆಯ ನರ್ಸಿಗೆ ತಿಳಿದಿರಲಾರದು. ಅಕ್ಕನಿಗೇ ತಿಳಿದಿರಲಿಲ್ಲ. ಬಲಗೈಯಲ್ಲಿ ಕೊಡತಿ ಹಿಡಿದುಕೊಂಡೇ ಅವಳು ರಿಸೀವರ್ ಎತ್ತಿದ್ದಳು. ಉಳಿಯ ತಲೆಗೆ ಬಡಿಯುವ ಮರದ ಕೊಡತಿ. ನಿನ್ನೆ ಮಧ್ಯಾಹ್ನ ಅದೇ ಕೊಡತಿಯಿಂದ ತಮ್ಮನ ಬಲಗೈಯನ್ನು ಮೇಜಿನ ಮೇಲೇ ಜಜ್ಜಿದ್ದಳು, ಅದೂ ನಾಲ್ಕು ಜನ ದೊಡ್ಡಮನುಷ್ಯರ ಎದುರಿಗೆ.

"ಅವನೇ ಮಾತಾಡ್ತಾನಂತಾ? ಕೊಡಿ... ಅಯ್ಯೋ ಕೊಡಿ ತಾಯಿ, ಫೋನಲ್ಲಿ ಹೊಡೆಯೋಕಾಗಲ್ಲ ನಂಗೆ..."

"ಹೇಳು... ನಾನೇ ಕಣೋ, ಇನ್ಯಾರಿರ್ತಾರೆ ಇಲ್ಲಿ... ಕೈ ಹೇಗಿದೆ?... ಹಾಂ... ಹೆಬ್ಬೆರಳೂನಾ?... ಡಾಕ್ಟರ್ ಏನಂದ್ರು?... ಬರಲ್ಲ ಅಂದ್ರೆ? ಪೂರ್ತಿ ಬರಲ್ವಾ, ಮೊದಲಿನ ಹಾಗೆ ಬರಲ್ವಾ? ಸರಿಯಾಗಿ ಕೇಳ್ಕೊಂಡು ಹೇಳೋ. ಚಮಚ ಹಿಡಿಯೋದು ಬೇರೆ, ಉಳಿ ಹಿಡಿಯೋದು ಬೇರೆ..."

"... ಚಮಚ ಮಾತ್ರ ಅಂದ್ರಾ."

ಅಕ್ಕ ಕೊಡತಿಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು. ಏನಾದರೂ ಒಳ್ಳೆಯ ಮಾತು ಆಡಬೇಕೆಂದು ಬಾಯಿ ತೆರೆದಳು. ಬಂದದ್ದು ಮಾತ್ರ ಬೇರೆ.

"ಇಲ್ಲ. ಕ್ಷಮಿಸು ಅಂತ ಹೇಳಲ್ಲ. ಅದಕ್ಕೆ ಕಾಯ್ತಿದ್ರೆ ಈಗಲೇ ಫೋನ್ ಇಡು... ನೀನೇನಂದೆ ನಿನ್ನೆ? ಇನ್ನೊಂದ್ ಸಲ ಹೇಳು ನೋಡೋಣ. ದೂರದಲ್ಲಿದ್ದೀಯಲ್ಲ, ಧೈರ್ಯವಾಗಿ ಹೇಳು... ಯಾಕೆ, ನಾಲಿಗೆಗೂ ಪಟ್ಟಿ ಕಟ್ಟಿದ್ದಾರಾ? ನಾನೇ ಹೇಳ್ತೀನಿ ಬಿಡು. 'ಅಕ್ಕನಿಗೆ ಹಠ ಇದೆ, ಕೈ ಇಲ್ಲ.' ಅಷ್ಟೇ ಅಲ್ವಾ? ಅಧ್ಯಕ್ಷರ ಮುಂದೆ, ಕಾಲ್ ಮೇಲೆ ಕಾಲ್ ಹಾಕ್ಕೊಂಡು, ನಾನೇ ಮಾಡ್ಕೊಟ್ಟ ಚಹಾ ಕುಡೀತಾ..."

ಸಂಗತಿ ಇಷ್ಟು. ಅಪ್ಪ ಹೆಸರಾಂತ ಶಿಲ್ಪಿ. ತೀರಿಕೊಂಡ ಮೇಲೆ ಕಲಾಶಾಲೆಯ ಹೊಸ ಸಭಾಂಗಣಕ್ಕೆ ಅವರ ಹೆಸರಿಡಬೇಕು, ಬಾಗಿಲಲ್ಲೇ ಅವರ ತಲೆಯ ಶಿಲ್ಪವೊಂದನ್ನು ನಿಲ್ಲಿಸಬೇಕು ಎಂದು ತೀರ್ಮಾನವಾಯಿತು. ತೀರ್ಮಾನವಾದ ಕೂಡಲೇ ಒಂದು ಸಮಿತಿ ಹುಟ್ಟಿತು. ಸಮಿತಿ ಎಂದರೆ ಗೊತ್ತಲ್ಲ, ನಾಲ್ಕು ಜನ ಬಂದು ಎಂಟು ಅಭಿಪ್ರಾಯ ಕೊಟ್ಟು ಹೋಗುವ ವ್ಯವಸ್ಥೆ. ಅಕ್ಕ ವರ್ಷವಿಡೀ ಕೂತು ಅಪ್ಪನ ತಲೆ ಮಾಡಿದಳು, ಕೆಡಿಸಿದಳು, ಮತ್ತೆ ಮಾಡಿದಳು. ಶೆಲ್ಫಿನ ತುಂಬ ಬಿಳಿ ಪ್ಲಾಸ್ಟರಿನ ಅಪ್ಪಂದಿರು ಸಾಲಾಗಿ ನಿಂತರು. ಎಲ್ಲರೂ ಅಪ್ಪನ ಹಾಗೇ ಇದ್ದರು, ಒಬ್ಬನೂ ಅಪ್ಪನಾಗಿರಲಿಲ್ಲ. ಇದು ಸಮಿತಿಗಿಂತ ಮೊದಲೇ ಅಕ್ಕನಿಗೆ ಗೊತ್ತಿತ್ತು, ಆ ಮಾತು ಬೇರೆ.

ಕಳೆದ ವಾರ ತಮ್ಮ ಬಂದಿಳಿದ. ಎಲ್ಲೋ ಒಂದು ಕೆಲಸ ಹಿಡಿದು, ಅರ್ಧಕ್ಕೆ ಕೈಬಿಟ್ಟು, ಇನ್ನೆಲ್ಲೋ ಮತ್ತೊಂದು ಹಿಡಿದು ತಿರುಗುವ ಆಸಾಮಿ. ಅಪ್ಪ ಅವನನ್ನು ಕರೆಯುತ್ತಿದ್ದದ್ದೇ 'ಚಿನ್ನದ ಕೈ' ಎಂದು. ಬಂದವನು ಮೂಲೆಯಲ್ಲಿ ಪರದೆ ಕಟ್ಟಿಕೊಂಡು ಜೇಡಿಮಣ್ಣಿನಲ್ಲಿ ತಾನೂ ಒಂದು ತಲೆ ಮಾಡಿದ. ಅಕ್ಕನಿಗೂ ತೋರಿಸಲಿಲ್ಲ. ಅಚ್ಚು ತೆಗೆದು ಪ್ಲಾಸ್ಟರ್ ತುಂಬುವುದು ಯಾವತ್ತೂ ಅಕ್ಕನ ಕೆಲಸ. ಈ ಸಲ ಅದನ್ನೂ ತಾನೇ ಮಾಡಿಕೊಳ್ಳುತ್ತೇನೆಂದು ಹಠ ಹಿಡಿದು ಮಾಡಿದ. ಅದು ಗಟ್ಟಿಯಾಗುತ್ತಿರುವಾಗಲೇ ಸಮಿತಿ ಬಂತು, ಅಕ್ಕನ ಅಪ್ಪಂದಿರನ್ನು ನೋಡಿತು, 'ಹೋಲುತ್ತೆ, ಆದರೆ...' ಎಂದು ಗಂಟಲು ಸರಿಪಡಿಸಿಕೊಂಡಿತು. ಆಗಲೇ ತಮ್ಮ ಬಾಯಿ ಬಿಟ್ಟದ್ದು.

"... ಅದು ನಿನ್ನ ಮಾತಲ್ಲ ಕಣೋ, ಅದಕ್ಕೇ ಹೊಡೆದಿದ್ದು. ಅದು ಅಪ್ಪನ ಮಾತು. ಇದೇ ಮಾತು, ಇದೇ ರಾಗ. ಅವರು ಸತ್ತರು, ಸದ್ಯ ಅಂದ್ಕೊಂಡ್ರೆ ನಿನ್ನ ಬಾಯಲ್ಲಿ ಬಂದು ಕೂತಿದ್ದಾರೆ... ಏನು? ತಮಾಷೆಗೆ ಅಂದ್ಯಾ? ನಾನೂ ತಮಾಷೆಗೇ ಹೊಡೆದೆ ಅಂತ ಇಟ್ಕೋ..."

"... ಯಾವ ಅಚ್ಚು?... ಹಾಂ, ಇಲ್ಲೇ ಇದೆ. ನನ್ನ ಮುಂದೇನೇ ಕೂತಿದೆ, ಮುಸುಕು ಹಾಕ್ಕೊಂಡಿರೋ ಕಳ್ಳನ ಹಾಗೆ... ತೆಗೀಬೇಡ? ಯಾಕೋ ತೆಗೀಬಾರ್ದು? ಇಷ್ಟೆಲ್ಲ ಆದ್ರೂ ಸಾಯಂಕಾಲ ಸಮಿತಿಯವರು ಬರ್ತಾರೆ, ನೀನು ಮಾಡಿರೋ ತಲೆ ನೋಡೋಕೆ. ನಿನ್ನ ಕೈ ಅಂತೂ ಹೋಯ್ತು. ನಾನಲ್ದೆ ಇನ್ಯಾರು ತೆಗೀತಾರೆ?"

"... ಬೇಡ, ಬೇಡ, ಬೇಡ. ಅದೊಂದೇ ಮಾತು ನಿಂದು. ಯಾಕೆ ಅಂತ ಕೇಳ್ತಿದ್ದೀನಲ್ಲ... ಓಹೋ. ಒಡೆದು ಹಾಕ್ತೀನಿ ಅಂತ ಭಯಾನಾ?... ಮತ್ತೇನು? ಭಯ ಇಲ್ದೇನೇ ಹೀಗೆ ಅಳ್ತಿದ್ಯಾ?"

ಭಯಪಡುವುದಕ್ಕೆ ಕಾರಣವಿತ್ತು. ಈ ಬಗೆಯ ಅಚ್ಚಿನಲ್ಲಿ ಒಂದೇ ಒಂದು ಪ್ರತಿ ಬರುವುದು. ಮಣ್ಣಿನ ತಲೆಯ ಮೇಲೆ ಪ್ಲಾಸ್ಟರ್ ಹೊದಿಸಿ, ಒಳಗಿನ ಮಣ್ಣನ್ನು ಬಗೆದು ತೆಗೆದು, ಆ ಪೊಳ್ಳಿಗೆ ಸೋಪು ಸವರಿ ಮತ್ತೆ ಪ್ಲಾಸ್ಟರ್ ಹುಯ್ಯುತ್ತಾರೆ. ಆಮೇಲೆ ಹೊರಗಿನ ಅಚ್ಚನ್ನು ಉಳಿಯಿಂದ ಚೂರುಚೂರಾಗಿ ಹಾರಿಸಬೇಕು. ಮಣ್ಣಿನದು ಹೋಯಿತು, ಅಚ್ಚೂ ಹೋಯಿತು, ಉಳಿಯುವುದು ಒಳಗಿರುವುದೊಂದೇ. ತಮ್ಮನಿಗೆ ಇನ್ನು ಉಳಿ ಹಿಡಿಯುವ ಬೆರಳಿಲ್ಲ. ಅವನು ಈ ಲೋಕದಲ್ಲಿ ಮಾಡಿದ ಕೊನೆಯ ಕೆಲಸ ಆ ಬಿಳಿ ಮುದ್ದೆಯೊಳಗಿತ್ತು, ಅವನ ಬೆರಳು ಜಜ್ಜಿದವಳ ಕೈಗೆ ಸಿಕ್ಕಿ.

"ಕೇಳು. ನಿನ್ನ ಚಿನ್ನದ ಕೈಯಿಂದ ಬಂದಿದ್ರಲ್ಲಿ ಇವತ್ತು ಏನೇನು ಉಳ್ಕೊಂಡಿದೆ, ಹೇಳು... ಹೇಳೋ. ನಾನು ಅಚ್ಚು ತೆಗೆದಿದ್ದಷ್ಟೇ ಉಳ್ಕೊಂಡಿರೋದು. ಆ ಕುದುರೆ, ಆ ಮುದುಕಿ ತಲೆ, ನಿನ್ನ ಹೆಂಡತಿಯ ಎದೆವರೆಗಿನದ್ದು, ಎಲ್ಲ ನಾನು ತೆಗೆದಿದ್ದು. ಮಿಕ್ಕಿದ್ದೆಲ್ಲ ಏನಾಯ್ತು? ಬಿರುಕು ಬಿಟ್ಟು ಮಣ್ಣಾಗಿ ಬಿದ್ದೋಯ್ತು. ಮಾಡಿ ಬಿಟ್ಟು ಹೊರಟುಬಿಡ್ತಿದ್ದೆ. ಒಣಗದ ಹಾಗೆ ದಿನಾ ಒದ್ದೆ ಬಟ್ಟೆ ಹೊದಿಸಿದ್ದು ಯಾರು? ಜ್ವರ ಬಂದಾಗಲೂ ಎದ್ದು ಬಂದು ನೀರು ಚಿಮುಕಿಸಿದ್ದು ಯಾರು?... ಹಾಂ, ಹಠ. ಹಠಾನೇ. ಆ ಹಠ ಇಲ್ದಿದ್ರೆ ನೀನು ಇಷ್ಟೊತ್ತಿಗೆ ಬರೀ ಒಬ್ಬ ಮಾತುಗಾರ ಆಗಿರ್ತಿದ್ದೆ, ಅಷ್ಟೆ."

"... ನೀನು ನಗ್ತಿದ್ಯಾ ಅಳ್ತಿದ್ಯಾ ಗೊತ್ತಾಗ್ತಿಲ್ಲ. ಯಾವುದಾದ್ರೂ ಒಂದು ಮಾಡು..."

"... ಏನಂದೆ? ಹಠದಿಂದ ಜೀವ ಬರಲ್ಲ ಅಂತಾನಾ?... ಲೋ, ಆಸ್ಪತ್ರೆಲಿ ಬಿದ್ದಿದ್ದೀಯ, ಅಲ್ಲೂ ಬಾಯಿ ಮುಚ್ಚಲ್ವಾ ನೀನು?... ಇರು. ಇರು, ಫೋನ್ ಇಡ್ಬೇಡ. ಕೇಳಿಸ್ಕೋ."

ಅಕ್ಕ ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಶೆಲ್ಫಿನ ಕಡೆ ನಡೆದಳು. ಅದರ ತಂತಿ ಉದ್ದ. ಕೆಲಸ ಮಾಡುತ್ತಲೇ ಊರಿಗೆಲ್ಲ ಬಯ್ಯಲು ಅನುಕೂಲವಾಗಲಿ ಎಂದು ಅಪ್ಪನೇ ಜೋಡಿಸಿಕೊಂಡಿದ್ದ ತಂತಿ. ತುದಿಯಲ್ಲಿದ್ದ ತಲೆಯನ್ನು ಎತ್ತಿ, ಒಂದು ಕ್ಷಣವೂ ನೋಡದೆ, ಸಿಮೆಂಟಿನ ನೆಲಕ್ಕೆ ಅಪ್ಪಳಿಸಿದಳು. ಅಪ್ಪನ ಮೂಗು ಬಾಗಿಲವರೆಗೆ ಉರುಳಿಕೊಂಡು ಹೋಯಿತು.

"ಕೇಳಿಸ್ತಾ?... ಕಿರುಚ್ಬೇಡ, ನಿಂದಲ್ಲ. ನಂದು. ಇದು ಚಳಿಗಾಲದಲ್ಲಿ ಮಾಡಿದ್ದು. ಇಗೋ ಇನ್ನೊಂದು..."

"... ಇದೂ ನಂದೇ. ಇದರ ಕಣ್ಣಿಗೆ ಅಂತಾನೇ ಒಂದು ತಿಂಗಳು ಕೂತಿದ್ದೆ ಕಣೋ, ಒಂದು ತಿಂಗಳು. ನೋಡು, ಹೇಗೆ ಚೂರಾಯ್ತು. ಜೀವ ಇಲ್ದೇ ಇರೋದು ಒಡೆಯೋದು ಸುಲಭ. ರಕ್ತ ಬರಲ್ಲ, ಆಸ್ಪತ್ರೆಗೆ ಓಡ್ಬೇಕಾಗಿಲ್ಲ..."

"... ನಿಲ್ಸಲ್ಲ. ನೀನ್ಯಾರು ನಿಲ್ಸು ಅನ್ನೋಕೆ? ನಿನ್ನೆ ನೀನೇ ತೀರ್ಪು ಕೊಟ್ಟಾಯ್ತಲ್ಲ!"

ಒಂದೊಂದಾಗಿ ಎಲ್ಲವನ್ನೂ ಕೆಡವಿದಳು. ಕೊನೆಯದಕ್ಕೆ ಕೈ ಹಚ್ಚುವ ಹೊತ್ತಿಗೆ ಉಸಿರು ಮೇಲೆಕೆಳಗಾಗುತ್ತಿತ್ತು. ಅದನ್ನು ಎತ್ತಲಾರದೆ ಶೆಲ್ಫನ್ನೇ ಎಳೆದು ಬೀಳಿಸಿದಳು. ಬಿಳಿ ಧೂಳು ಮೊಣಕಾಲಿನವರೆಗೆ ಏರಿ ಇಳಿಯಿತು. ಅಂಗೈ ಕೊಯ್ದಿತ್ತು. ಹಗುರವಾದೀತೆಂದುಕೊಂಡಿದ್ದ ಎದೆ ಮಾತ್ರ ಒಂದಿಷ್ಟೂ ಹಗುರವಾಗಲಿಲ್ಲ.

"... ಇದ್ದೀನಿ. ಎಲ್ಲಿಗೆ ಹೋಗ್ಲಿ... ಇಲ್ಲ, ಬರೀ ಅಂಗೈ, ಸ್ವಲ್ಪ... ನೀನು ನಂಗೆ ಉಪಚಾರ ಹೇಳ್ಬೇಡ."

"... ಇವತ್ತು ಒಂದು ಮಾತು ಹೇಳ್ತೀನಿ, ಕೇಳ್ಕೋ. ಯಾರಿಗೂ ಹೇಳಿಲ್ಲ. ಅಮ್ಮನಿಗೂ ಹೇಳ್ಲಿಲ್ಲ, ಅಮ್ಮ ಕೇಳ್ಲೂ ಇಲ್ಲ. ನನ್ನ ಎಡಗೈ ಬೆರಳು ಪೂರ್ತಿ ಮಡಚಲ್ಲ ಅಲ್ವಾ? ಬಿಸಿನೀರು ಬಿತ್ತು ಅಂತ ಎಲ್ಲರಿಗೂ ಹೇಳಿದ್ವಿ. ನಿಂಗೂ ಅದೇ ಹೇಳಿದ್ದು. ನೀನು ಅವತ್ತು ಮನೇಲಿರ್ಲಿಲ್ಲ, ಆಟಕ್ಕೆ ಹೋಗಿದ್ದೆ... ಹೋಗಿದ್ದೆ ಅಲ್ವಾ? ನೀನೇ ಹೇಳ್ತಿದ್ದೆ."

"... ಹಾಂ. ಬಿಸಿನೀರಲ್ಲ ಅದು. ನಂಗೆ ಕಿವಿ ಮಾಡು ಅಂದಿದ್ರು ಅಪ್ಪ. ಮಣ್ಣಲ್ಲಿ, ಬರೀ ಒಂದು ಕಿವಿ. ಎಷ್ಟು ಸಲ ಮಾಡಿದ್ರೂ ಬರ್ಲಿಲ್ಲ. ನೀನು ಹಿಂದಿನ ದಿನ ಆಡ್ತಾ ಆಡ್ತಾ ಮಾಡಿಟ್ಟು ಹೋಗಿದ್ದೆ, ಅದನ್ನ ಮುಂದೆ ಇಟ್ಟಿದ್ರು. ಇದಕ್ಕೆ ಕೈ ಇಲ್ಲ, ಹಠ ಮಾತ್ರ ಇದೆ, ನೋಡೋಣ ಎಷ್ಟಿದೆ ಹಠ, ಅಂದ್ರು. ಬೋಗುಣೀಲಿ ಆಗ ತಾನೇ ಕಲಸಿದ್ದ ಪ್ಲಾಸ್ಟರಿತ್ತು. ನನ್ನ ಕೈ ಹಿಡಿದು ಅದರೊಳಗೆ ಅದುಮಿದ್ರು."

ತಂಪಾಗಿರುವ ಪ್ಲಾಸ್ಟರ್ ಗಟ್ಟಿಯಾಗುತ್ತ ಗಟ್ಟಿಯಾಗುತ್ತ ಬಿಸಿಯೇರುತ್ತದೆ. ಅದರಲ್ಲಿ ಕೆಲಸ ಮಾಡುವವರಿಗೆ ಇದು ಅಕ್ಷರಾಭ್ಯಾಸದ ಹಾಗೆ ಮೊದಲ ಪಾಠ. ತೆಳ್ಳಗೆ ಸವರಿದರೆ ಬೆಚ್ಚಗಾಗಿ ಸುಮ್ಮನಾದೀತು. ಬೋಗುಣಿ ತುಂಬ ಇದ್ದು ಕೈ ಒಳಗೆ ಸಿಕ್ಕಿಕೊಂಡರೆ ಚರ್ಮ ಬೇಯುತ್ತದೆ, ಎಳೆದುಕೊಳ್ಳೋಣವೆಂದರೆ ಅಷ್ಟರಲ್ಲಿ ಕಲ್ಲಾಗಿರುತ್ತದೆ.

"... ಮೊದಲು ಏನೂ ಗೊತ್ತಾಗಲ್ಲ. ಹಿತವಾಗೇ ಇರುತ್ತೆ. ಆಮೇಲೆ... ಕೂಗಿದೆ, ಒದ್ದೆ, ಕಚ್ಚಿದೆ. ಬಿಡ್ಲಿಲ್ಲ. ಕೊನೆಗೆ ಸುತ್ತಿಗೇಲಿ ಬೋಗುಣಿ ಒಡೆದು ಕೈ ತೆಗೆದ್ರು. ತೆಗೆದು ಏನಂದ್ರು ಗೊತ್ತಾ? ಪರವಾಗಿಲ್ಲ, ಹಠ ಇದೆ, ಅಂದ್ರು. ಮೆಚ್ಚಿಕೊಂಡ್ರು ಕಣೋ!... ನನ್ನ ಇಡೀ ಜನ್ಮದಲ್ಲಿ ಅಪ್ಪ ಮೆಚ್ಚಿಕೊಂಡಿದ್ದು ಅದೊಂದೇ ಸಲ. ಮಾರನೇ ದಿನದಿಂದ ಬಲಗೈ ಒಂದರಲ್ಲೇ ಕಿವಿ ಮಾಡೋಕೆ ಕೂತೆ. ಬರೋವರೆಗೂ ಏಳ್ಲಿಲ್ಲ."

"... ಹಲೋ?... ಇದ್ಯಾ?... ಯಾಕೆ ಮಾತಾಡ್ತಿಲ್ಲ?... ಸರಿ, ಮಾತಾಡ್ಬೇಡ. ನಾನು ನಿನ್ನ ತಲೆ ಒಡೀತೀನಿ ಈಗ. ಅಚ್ಚು ಕಣೋ, ಅಚ್ಚು. ಹೆದರ್ಬೇಡ."

ಮಾತು ಮುಗಿಯುವ ಮೊದಲೇ ಎಡಗೈಯ ಸೆಟೆದ ಬೆರಳುಗಳ ನಡುವೆ ಉಳಿ ಸಿಕ್ಕಿಸಿಟ್ಟು ಕೊಡತಿ ಬೀಸಿದ್ದಳು. ಮೊದಲ ಏಟಿಗೇ ಅಂಗೈ ಅಗಲದ ಚೂರು ಹಾರಿತು. ಅಚ್ಚಿನ ಮೇಲ್ಪದರವನ್ನು ಹೀಗೆ ನಿರ್ದಯವಾಗಿ ಬಡಿಯಲು ಯಾವ ಅಡ್ಡಿಯೂ ಇಲ್ಲ. ಯಾಕೆಂದರೆ ಮಣ್ಣಿನ ಮೇಲೆ ಹಾಕುವ ಮೊಟ್ಟಮೊದಲ ಪದರಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ಬೆರೆಸಿರುತ್ತಾರೆ. ಬಿಳಿ ಇರುವವರೆಗೆ ಬೀಸಬಹುದು. ನೀಲಿ ಕಂಡಿತೆಂದರೆ ಅದರ ಕೆಳಗೇ ಮುಖವಿದೆ ಎಂದು ಅರ್ಥ. ಅಲ್ಲಿಂದ ಮುಂದೆ ಚಿಕ್ಕ ಉಳಿ, ಹಗುರ ಕೈ. ಅಕ್ಕ ನೀಲಿಗಾಗಿ ಕಾಯುತ್ತ ಬೀಸಿದಳು. ಬಲಗಡೆಯಿಂದ ಶುರುಮಾಡಿದ್ದಳು. ಬಿಳಿ ಬಂತು, ಅದರ ಕೆಳಗೆ ಮತ್ತೆ ಬಿಳಿ ಬಂತು, ಮತ್ತೊಂದು ಏಟಿಗೆ ಒಂದು ದಪ್ಪ ಚೂರು ಸಿಡಿದು ಅವಳ ಕಾಲಬಳಿ ಬಿತ್ತು. ಬಗ್ಗಿ ಎತ್ತಿಕೊಂಡಳು. ಕಿವಿ. ಸುರುಳಿಯೊಳಗಿನ ಮಡಿಕೆಯೂ ಇದ್ದ ಇಡೀ ಕಿವಿ.

"ಲೋ... ನೀಲಿ ಎಲ್ಲೋ?"

"... ನೀಲಿ! ಮೊದಲನೇ ಪದರಕ್ಕೆ ನೀಲಿ ಹಾಕಿಲ್ವಾ?... ಮರೆತೆ ಅಂದ್ರೆ ಏನೋ ಅರ್ಥ? ಮರೆಯೋ ವಿಷಯಾನಾ ಅದು? ಕಿವಿ ಹೋಯ್ತು ಕಣೋ, ಬಲಗಿವಿ ಪೂರ್ತಿ ನನ್ನ ಕೈಲಿದೆ! ಎಲ್ಲಾ ಬಿಳಿ. ಯಾವುದು ಅಚ್ಚು, ಯಾವುದು ಮುಖ ಅಂತ ಆ ದೇವರೇ ಹೇಳ್ಬೇಕು!... ಅಯ್ಯೋ ನಿನ್ನ... ಈ ಕೊಡತಿಯಿಂದ ಕೈಗಲ್ಲ, ನಿನ್ನ ತಲೆಗೇ ಹೊಡೀಬೇಕಿತ್ತು ನಾನು!"

"... ಒಡೆದ್ಬಿಡು ಅಂತೀಯಾ? ಏನಂದೆ? ಪೂರ್ತಿ ಒಡೆದ್ಬಿಡು?... ನಿಂಗೆ ತಲೆ ಕೆಟ್ಟಿದ್ಯಾ? ಈಗ ತಾನೇ ತೆಗೀಬೇಡ ಅಂದೆ, ಈಗ ಒಡಿ ಅಂತೀಯ. ಇದು ನೀನು ಮಾಡಿರೋ ಕೊನೇದು ಕಣೋ. ಕೊನೇದು! ಚಮಚ ಹಿಡಿಯೋ ಕೈಲಿ ಇನ್ನೇನು ಮಾಡ್ತೀಯ?... ಒಡೆಯಲ್ಲ. ಯಾರದ್ದು ಬೇಕಾದ್ರೂ ಒಡೀತೀನಿ, ಇದನ್ನ ಒಡೆಯಲ್ಲ. ಬಾಯ್ಮುಚ್ಕೊಂಡಿರು, ನಂಗೆ ಸದ್ದು ಕೇಳಿಸ್ಬೇಕು."

ಕೊಡತಿಯನ್ನು ಆಚೆಗೆಸೆದು ಚಿಕ್ಕ ಸುತ್ತಿಗೆ ತೆಗೆದುಕೊಂಡಳು. ಉಳಿಯನ್ನೂ ಬದಲಿಸಿದಳು. ನೀಲಿ ಇಲ್ಲದ ಮೇಲೆ ನಂಬಲು ಉಳಿದಿರುವುದು ತನ್ನ ಕಿವಿಯೊಂದೇ: ಅಚ್ಚು ಬಿಡುವಾಗ ಒಂದು ಸದ್ದು, ಒಳಗಿನ ಗಟ್ಟಿ ತಾಗಿದಾಗ ಇನ್ನೊಂದು. ಬೆರಳ ತುದಿಯಿಂದ ತಟ್ಟುವುದು, ಕೇಳುವುದು, ಉಳಿಯನ್ನು ಓರೆಯಿಟ್ಟು ಒಂದು ಸಣ್ಣ ಏಟು ಹಾಕುವುದು. ಈ ಸಲ ಎಡಗಡೆಯಿಂದ ಶುರುಮಾಡಿದಳು. ಅಷ್ಟು ಸಿಟ್ಟಿನಲ್ಲೂ ಒಂದು ಏಟೂ ತಪ್ಪುತ್ತಿರಲಿಲ್ಲ. ಎಷ್ಟೋ ವರ್ಷ ಹೀಗೆಯೇ ನಿಂತಿದ್ದ ಅಭ್ಯಾಸ.

"... ಹಾಂ, ಬಿಡ್ತಾ ಇದೆ. ಸೋಪಾದ್ರೂ ನೆಟ್ಟಗೆ ಸವರಿದ್ಯಲ್ಲ, ದೊಡ್ಡದು... ಕತ್ತು ಬಂತು. ಕತ್ತಿನ ನರ ಇದೆ. ತಲೆ ಸ್ವಲ್ಪ ಬಗ್ಗಿದೆ ಅಲ್ವಾ? ಎಲ್ಲರೂ ನೆಟ್ಟಗೆ ನೋಡೋ ಅಪ್ಪನ್ನೇ ಮಾಡೋದು, ನೀನು ಬಗ್ಗಿಸಿದ್ದೀಯ... ಯಾಕೆ?"

"... ದವಡೆ... ಆಹಾ. ಇದು ಸರಿಯಾಗಿದೆ. ಈ ಮೂಳೆ ತಿರುಗೋ ಜಾಗ ನಂಗೆ ಯಾವತ್ತೂ ಸಿಗ್ಲಿಲ್ಲ. ನೀನು ಹೆಬ್ಬೆರಳಲ್ಲಿ ಒಂದೇ ಸಲ ಒತ್ತಿ ಬಿಟ್ಟಿದ್ದೀಯ, ಗುರುತು ಕಾಣ್ತಿದೆ... ಸುಳ್ಳು ಹೇಳಲ್ಲ, ಚೆನ್ನಾಗಿದೆ ಕಣೋ. ಹೊಟ್ಟೆ ಉರಿಯುತ್ತೆ ನೋಡಿದ್ರೆ, ಅಷ್ಟು ಚೆನ್ನಾಗಿದೆ... ಅಳ್ಬೇಡ. ನಿಜವಾಗ್ಲೂ ಹೊಗಳ್ತಿದ್ದೀನಿ..."

"... ಯಾಕೆ ನಿಲ್ಸು ಅಂತೀಯ? ಈಗ ತಾನೇ ಬಾಯಿ ಬರ್ತಿದೆ..."

ತುಟಿಯ ಮೇಲಿದ್ದ ಚೂರು ತಾನಾಗಿಯೇ ಕಳಚಿಕೊಂಡಿತು. ಅದರ ಹಿಂದೆಯೇ ಎಡಗೆನ್ನೆಯದು, ಆಮೇಲೆ ಕಣ್ಣಿನದು. ಅಕ್ಕ ಧೂಳು ಊದಿದಳು. ಊದಿದವಳು ಹಾಗೆಯೇ ನಿಂತುಬಿಟ್ಟಳು.

ಸಿಟ್ಟಿನ ಮುಖವಲ್ಲ ಅದು. ಸಿಟ್ಟಿನ ಮುಖವಾಗಿದ್ದರೆ ಊರೆಲ್ಲ ಗುರುತು ಹಿಡಿಯುತ್ತಿತ್ತು. ಅಪ್ಪನ ಸಿಟ್ಟು ಕಂಡವರಿಗೆ ಬರವಿಲ್ಲ. ಇದು ಶಾಂತವಾದ ಮುಖ. ತುಟಿ ಒಂದಿಷ್ಟು ಕೂಡಿಕೊಂಡು, ಹುಬ್ಬು ಒಂದಿಷ್ಟು ಮೇಲೇರಿ, ತಲೆ ಬಗ್ಗಿಸಿ, ಕೆಳಗಿರುವ ಏನನ್ನೋ ತುಂಬ ಅಕ್ಕರೆಯಿಂದ ನೋಡುತ್ತಿರುವ ಮುಖ. ಕೆಲಸ ಹದಕ್ಕೆ ಬರುತ್ತಿದೆಯೋ ಇಲ್ಲವೋ ಎಂದು ಕಾಯುವವನ ಮುಖ. ಆ ಮುಖವನ್ನು ಅಕ್ಕ ಒಂದೇ ಒಂದು ಸಲ ಕಂಡಿದ್ದಳು. ಬೋಗುಣಿಯ ಆಚೆಯಿಂದ, ತನ್ನ ಕೈ ಬೇಯುತ್ತಿದ್ದಾಗ. ಅದು ತನ್ನೊಬ್ಬಳಿಗೇ ಗೊತ್ತಿರುವ ಮುಖ ಎಂದುಕೊಂಡೇ ಇಷ್ಟು ವರ್ಷ ಬದುಕಿದ್ದಳು.



"... ಇದ್ದೀನಿ."

"... ನೀನು ಆಟಕ್ಕೆ ಹೋಗಿರ್ಲಿಲ್ಲ."

"... ಹೋಗಿರ್ಲಿಲ್ಲ ಅಲ್ವಾ? ಹೇಳು... ಸುಳ್ಳು ಹೇಳ್ಬೇಡ, ಮುಖ ಇಲ್ಲೇ ಇದೆ. ಇದನ್ನ ಯಾರೂ ಊಹೆ ಮಾಡೋಕಾಗಲ್ಲ. ನಂಗೆ ಬಾಯಲ್ಲಿ ಹೇಳೋಕೂ ಬರ್ತಿರ್ಲಿಲ್ಲ ಈ ಮುಖ ಹೇಗಿತ್ತು ಅಂತ. ನೀನು ಮಾಡಿಟ್ಟಿದ್ದೀಯ..."

"... ಅದಕ್ಕೇ ನಂಗೆ ಅಚ್ಚು ಮುಟ್ಟೋಕೆ ಬಿಡ್ಲಿಲ್ಲ. ಅದಕ್ಕೇ ಪರದೆ. ಅದಕ್ಕೇ ತೆಗೀಬೇಡ, ಒಡಿ, ಅಂತ ಬಡ್ಕೊಂಡೆ... ಏನು? ನಗೋ ಅಪ್ಪನ್ನ ಮಾಡೋಕೆ ಹೋದ್ಯಾ? ಕೈ ತಾನಾಗೇ ಹೀಗೆ ಹೋಯ್ತಾ?... ಹಾಂ, ಚಿನ್ನದ ಕೈ ಅಲ್ವಾ. ಅದು ಸುಳ್ಳು ಮಾಡೋಕೆ ಒಪ್ಪಲ್ಲ. ಬಾಯಿ ಒಪ್ಪುತ್ತೆ, ಕೈ ಒಪ್ಪಲ್ಲ... ಮತ್ತೆ ಮಣ್ಣಲ್ಲಿದ್ದಾಗಲೇ ಮುದ್ದೆ ಮಾಡಿ ಎಸೀಬೇಕಿತ್ತು. ಯಾಕೆ ಎಸೀಲಿಲ್ಲ?"

"... ಮನಸ್ಸು ಬರ್ಲಿಲ್ಲ. ಅಷ್ಟು ಚೆನ್ನಾಗಿ ಬಂದಿತ್ತು ಅಂತ... ಹೂಂ. ಅದು ಅರ್ಥ ಆಗುತ್ತೆ ನಂಗೆ. ನಾನಾಗಿದ್ರೂ ಎಸೀತಿರ್ಲಿಲ್ಲ."

ಇದನ್ನು ಹೇಳುವಾಗ ಅಕ್ಕನ ದನಿ ಎಷ್ಟು ಮೆತ್ತಗಿತ್ತೆಂದರೆ ಆ ಕಡೆಯವನು ಬಯ್ಗುಳಕ್ಕಿಂತ ಅದಕ್ಕೇ ಹೆಚ್ಚು ಹೆದರಿರಬೇಕು. ಅವಳು ಸ್ಟೂಲ್ ಎಳೆದುಕೊಂಡು ಮುಖದ ಎದುರಿಗೆ ಕೂತಳು. ಬಲಗಡೆ ಇನ್ನೂ ಅರ್ಧ ಮುಚ್ಚಿಕೊಂಡಿತ್ತು. ಮಾತಾಡುತ್ತಲೇ ಉಳಿಯಿಟ್ಟು ಅದನ್ನೂ ಬಿಡಿಸತೊಡಗಿದಳು.

"... ನಾನು ವರ್ಷವಿಡೀ ಕೂತು ಏನು ಮಾಡಿದೆ ಗೊತ್ತಾ? ಈ ಮುಖ ನನ್ನ ಕಣ್ಮುಂದೆ ಇತ್ತು. ಅದನ್ನ ಮುಚ್ಚಿಟ್ಟು ಬೇರೆ ಬೇರೆ ಮುಖ ಮಾಡಿದೆ. ಗೌರವದ ಅಪ್ಪ, ಯೋಚನೆ ಮಾಡೋ ಅಪ್ಪ. ಹೇಗೆ ಬರುತ್ತೆ ಜೀವ? ಕೈ ಇಲ್ಲ, ಅದಕ್ಕೇ ಬರ್ಲಿಲ್ಲ ಅಂದ್ಕೊಂಡಿದ್ದೆ ಕಣೋ, ಇಷ್ಟು ದಿನ. ನೋಡೋಕೇ ಹೋಗಿರ್ಲಿಲ್ಲ ನಾನು..."

"... ಇರು. ಬಲಗಡೆ ಬಂತು... ಇದು ಸರಿ ಇಲ್ಲ."

"... ಬಲಗಡೆ ಸರಿ ಇಲ್ಲ ಅಂದೆ. ಎಡಗಡೆ ಕೂದಲೆಳೆಯಷ್ಟೂ ತಪ್ಪಿಲ್ಲ. ಬಲಗಡೆ ಕಣ್ಣು ಬೇರೆ ಎಲ್ಲಿಂದಾನೋ ತಂದು ಹಾಕಿದ್ದೀಯ. ಈ ಕಡೆ ತುಟಿ ಅವತ್ತು ಇನ್ನೂ ಮೇಲಿತ್ತು, ಸ್ವಲ್ಪ ಹಲ್ಲು ಕಾಣ್ತಿತ್ತು. ನಿಂಗೆ ಅದು ಗೊತ್ತಿಲ್ಲ... ಯಾಕೆ ಗೊತ್ತಿಲ್ಲ ಅಂದ್ರೆ ನಿಂಗೆ ಕಂಡಿದ್ದು ಎಡಗಡೆ ಮಾತ್ರ."

ಹೀಗೆಂದು ತಿರುಗಿ ನೋಡಿದಳು. ಪ್ಲಾಸ್ಟರ್ ಕಲಸುವ ಒಳಕೋಣೆ ಈಗಲೂ ಅಲ್ಲೇ ಇತ್ತು. ಬೋಗುಣಿಯಿಡುವ ಕಲ್ಲುಕಟ್ಟೆ, ಅದರ ಹಿಂದೆ ಅಪ್ಪ ನಿಲ್ಲುತ್ತಿದ್ದ ಜಾಗ, ಅಲ್ಲಿ ನಿಂತವನ ಎಡಕ್ಕೆ ಬಾಗಿಲು. ಕಿಟಕಿಯಿಲ್ಲದ ಕೋಣೆಗೆ ಅದೊಂದೇ ಬಾಗಿಲು.

"... ಬಾಗಿಲ ಹತ್ರ ನಿಂತಿದ್ದೆ. ಸಂದಿಯಿಂದ ನೋಡ್ತಿದ್ದೆ."

"... ಹಾಂ. ಚಿಕ್ಕವನಿದ್ದೆ. ಗೊತ್ತು. ಹೆದರಿದ್ದೆ, ಅದೂ ಗೊತ್ತು. ನಾನೂ ದೊಡ್ಡವಳೇನಲ್ಲ... ಅಮ್ಮನ್ನ ಕರೀಬಹುದಿತ್ತು. ಬೀದಿಗೆ ಓಡಿಹೋಗಿ ಯಾರನ್ನಾದ್ರೂ ಕರೀಬಹುದಿತ್ತು. ಬರೀ ಅಪ್ಪಾ ಅಂತ ಒಂದು ಸಲ ಕೂಗಿದ್ರೂ ಸಾಕಿತ್ತು, ನಿನ್ನ ಮಾತು ಕೇಳ್ತಿದ್ರು ಅವರು..."

"... ಇಲ್ಲ, ಕೈ ವಿಷಯ ಈಗ ತರ್ಬೇಡ. ನಿನ್ನ ಕೈ ಮುರಿದಿದ್ದು ತಪ್ಪೇ. ಒಪ್ಕೊಂಡೆ, ತಪ್ಪೇ. ಪೊಲೀಸ್ನೋರಿಗೆ ಹೇಳು, ಜೈಲಿಗೆ ಹಾಕ್ಸು, ಬರ್ತೀನಿ. ಅದಕ್ಕೂ ಇದಕ್ಕೂ ಲೆಕ್ಕ ಚುಕ್ತಾ ಮಾಡೋಕೆ ನಾನು ತಯಾರಿಲ್ಲ..."

"... ಸಾಯಂಕಾಲ ಬರ್ತಾರೆ. ಬರ್ಲಿ. ತೋರಿಸ್ತೀನಿ. ಬಲಗಡೆ ನಾನು ತಿದ್ದಿ ತೋರಿಸ್ತೀನಿ, ಆ ಕಡೆ ನಂಗೆ ಗೊತ್ತು... ಬೇಡ ಅನ್ನೋಕೆ ನೀನ್ಯಾರು? ಎಂಥಾ ಶಾಂತ ಮುಖ, ಎಂಥಾ ಗುರುವಿನ ಮುಖ ಅಂತ ಅಧ್ಯಕ್ಷರು ಕೈ ಮುಗೀತಾರೆ ನೋಡು. ಏನು ನೋಡ್ತಿದ್ದಾರೆ ಇವರು, ಅಂತ ಕೇಳ್ತಾರೆ. ಹೇಳ್ತೀನಿ. ಎಡಗೈ ತೋರಿಸಿ ಹೇಳ್ತೀನಿ... ಅಪ್ಪನ ಹೆಸರು ಹೋಗುತ್ತಾ? ಹೋಗ್ಲಿ. ನಿನ್ನ ಹೆಸರು ಬರುತ್ತಲ್ಲ, ಇನ್ನೇನು ಬೇಕು?"

"... ಅಕ್ಕಾ ಅಕ್ಕಾ ಅನ್ಬೇಡ. ಒಂದೇ ಒಂದು ಮಾತು ಕೇಳ್ತೀನಿ, ಅದಕ್ಕೆ ಉತ್ತರ ಕೊಡು. ಬಾಗಿಲಿಗೆ ಚಿಲಕ ಹಾಕಿರ್ಲಿಲ್ಲ ಕಣೋ. ಅಪ್ಪನ ಒಂದು ಕೈ ನನ್ನ ಮಣಿಕಟ್ಟಿನ ಮೇಲಿತ್ತು, ಇನ್ನೊಂದು ನನ್ನ ಕತ್ತಿನ ಮೇಲಿತ್ತು. ಬಾಗಿಲು ಸುಮ್ನೆ ಮುಂದಕ್ಕೆ ಹಾಕಿತ್ತು, ಅಷ್ಟೆ. ತಳ್ಳಿದ್ರೆ ಸಾಕಿತ್ತು... ನಿಂಗೆ ಗೊತ್ತಿತ್ತಾ?"

"... ಗೊತ್ತಿತ್ತಾ ಅಂತ ಕೇಳ್ದೆ."

"... ಹಾಂ."

ಅಕ್ಕನ ಕೈಯಲ್ಲಿದ್ದ ಉಳಿ ತೊಡೆಯ ಮೇಲೆ ಬಿತ್ತು. ತುದಿ ಚುಚ್ಚಿದ್ದು ಅವಳಿಗೆ ತಿಳಿಯಲಿಲ್ಲ.

"... ಗೊತ್ತಿತ್ತು. ಗೊತ್ತಿದ್ದೂ ನಿಂತಿದ್ದೆ... ಯಾರನ್ನ ನೋಡ್ತಿದ್ದೆ? ಅವಾಗ, ಅಲ್ಲಿ ನಿಂತು. ನನ್ನನ್ನಾ?... ಇಲ್ಲ. ನನ್ನನ್ನ ನೋಡಿದ್ರೆ ಇಷ್ಟು ಸರಿಯಾಗಿ ಅವರನ್ನ ಮಾಡೋಕಾಗ್ತಿರ್ಲಿಲ್ಲ. ನಾನು ಕೂಗ್ತಿದ್ದೆ, ನೀನು ಅಪ್ಪನ ಮುಖ ನೋಡ್ತಿದ್ದೆ. ದವಡೆ ಎಲ್ಲಿ ತಿರುಗುತ್ತೆ, ಕೆನ್ನೆ ಮೇಲೆ ಬೆಳಕು ಎಲ್ಲಿಗೆ ನಿಲ್ಲುತ್ತೆ ಅಂತ. ಅಲ್ವಾ?... ಹೇಳೋ. ನನ್ನ ಕೈ ಬೇಯ್ತಿದ್ದಾಗ ನೀನು ಬೆಳಕು ನೋಡ್ತಿದ್ದೆ. ಅಲ್ವಾ?... ಅಲ್ವಾ?"

"ಹಲೋ?... ಹಲೋ?"

ಆ ಕಡೆ ಫೋನ್ ಇಟ್ಟಾಗಿತ್ತು.